ಒದ್ದಾಡಿದ್ದು ಒಲೆಗೆ

ಗಂಡುಮೀನಿಗೆ ಇಷ್ಟು ಸಂಕೋಚ ಇರಬಾರದು. ಹೆಣ್ಣು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಪಕ್ಕದಲ್ಲೇ ಸುಳಿದಾಡುತ್ತಿದೆ, ನೀರು ತಣ್ಣಗೆ ಹರಿಯುತ್ತಿದೆ, ತಳದಲ್ಲಿ ತೊಳೆದ ಜಲ್ಲಿ ಹಾಸಿದೆ. ಇನ್ನೇನು ಬೇಕು? ಮದುವೆ ಮಂಟಪ ಕಟ್ಟಿ ಓಲಗ ಊದಿಸಬೇಕೇ? ಮೀನಕ್ಕನ ಗಂಡುಮೀನುಗಳು ಮಾತ್ರ ದಡದ ಹತ್ತಿರ ಸಾಲಾಗಿ ಬಂದು ನಿಂತು, ಅವಳ ಮುಖ ನೋಡಿ ಬಾಯಿ ಬಿಡುತ್ತಿದ್ದವು.

"ನನ್ನ ಮುಖ ಏನ್ ನೋಡ್ತೀರ? ಆ ಕಡೆ ತಿರುಗ್ರೋ! ಅವಳು ಅಲ್ಲಿದಾಳೆ!"

ತಿರುಗಲಿಲ್ಲ. ಬಾಯಿ ಇನ್ನಷ್ಟು ಅಗಲವಾಯಿತು. ಹೆಜ್ಜೆ ಸದ್ದು ಕೇಳಿದರೆ ಕಾಳು ಬೀಳುತ್ತದೆ, ಇಷ್ಟೇ ಅವುಗಳ ವಿದ್ಯೆ.

ಮೀನಕ್ಕ ಎನ್ನುವುದು ಅವಳ ಹೆಸರಲ್ಲ. ಮೀನು ಸಾಕುವ ಮನೆಗೆ ಸೊಸೆಯಾಗಿ ಬಂದು, ಗಂಡ ವ್ಯಾನ್ ಓಡಿಸಿಕೊಂಡು ಹಾಯಾಗಿದ್ದಾಗ ತೊಟ್ಟಿಗಳ ಕೆಲಸವೆಲ್ಲ ತಲೆಮೇಲೆ ಎಳೆದುಕೊಂಡದ್ದಕ್ಕೆ ಸಿಕ್ಕ ಬಿರುದು. ಆ ಗಂಡನಾದರೂ ಎಂಥವನು ಎಂದರೆ, ಮದುವೆಗೆ ಮುಂಚೆ ಅವಳ ಹತ್ತಿರ ಆಡಿದ್ದು ಒಂದೇ ಮಾತು: "ನೀರು ತಣ್ಣಗಿದೆ." ಅದೂ ಅವಳು ಕಾಲು ಇಟ್ಟಾದ ಮೇಲೆ.

ಅವರು ಸಾಕುವುದು ಚುಕ್ಕೆಮೀನು. ಬೆನ್ನ ಮೇಲೆ ಕಪ್ಪು ಚುಕ್ಕೆ, ಹೊಟ್ಟೆಯ ಕೆಳಗೆ ಕೆಂಪು ಗೆರೆ. ತೋಟದ ಹಿಂದಿನ ಹೊಳೆಯಲ್ಲಿ ಬಿಟ್ಟರೆ ಬೇರೆಲ್ಲೂ ಇದ್ದ ಮೀನಲ್ಲ. ಅವಳ ಮಾವ ಹರೆಯದಲ್ಲಿ ಆ ಹೊಳೆಯಿಂದಲೇ ತಂದು ತೊಟ್ಟಿಯಲ್ಲಿ ಬಿಟ್ಟು ಈ ಕೆಲಸ ಶುರು ಮಾಡಿದ್ದರು. ಆಮೇಲೆ ಮೇಲ್ಗಡೆ ಬಣ್ಣದ ಕಾರ್ಖಾನೆ ಬಂತು. ಒಂದು ದಿನ ಹೊಳೆ ನೀಲಿ, ಒಂದು ದಿನ ಕೆಂಪು. ಮೀನು ಹೋಯಿತು, ಕಪ್ಪೆ ಹೋಯಿತು, ಕೊನೆಗೆ ಬಟ್ಟೆ ಒಗೆಯುವವರೂ ಹೋದರು. ಚುಕ್ಕೆಮೀನು ಉಳಿದದ್ದು ಇವರ ಮನೆಯ ತೊಟ್ಟಿಯಲ್ಲಿ ಮಾತ್ರ.

ಈಗ ಕಾರ್ಖಾನೆ ಮುಚ್ಚಿ, ಹೊಳೆ ತಿಳಿಯಾಗಿದೆ. ಹೊಳೆಗೆ ಮತ್ತೆ ಮೀನು ಬಿಡಬೇಕೆಂದು ಸರಕಾರದಿಂದ ಒಬ್ಬ ಅಧಿಕಾರಿ ಬಂದರು. ಎಲ್ಲರೂ ಅವರನ್ನು ಹೊಳೆ ಸಾಹೇಬರು ಎನ್ನುತ್ತಿದ್ದರು. ತೊಟ್ಟಿಗಳನ್ನೆಲ್ಲ ನೋಡಿ, ಮೆಚ್ಚಿ, ಒಂದೇ ಒಂದು ಷರತ್ತು ಹಾಕಿದರು.

"ಅಮ್ಮಾ, ಇವು ತಾವಾಗೇ ಜೋಡಿಯಾಗಿ, ತಾವಾಗೇ ಗುಂಡಿ ತೋಡಿ ಮೊಟ್ಟೆ ಇಡೋದನ್ನ ನಾನು ಕಣ್ಣಾರೆ ನೋಡ್ಬೇಕು. ನೀವು ದಿನಾ ಹೊಳೆಗೆ ಇಳಿದು ಒಂದೊಂದನ್ನೂ ಹಿಡಿದು ಹಿಂಡೋಕಾಗುತ್ತಾ? ಈ ಋತು ಮುಗಿಯೋದ್ರೊಳಗೆ ತೋರ್ಸಿ. ಇಲ್ಲದಿದ್ರೆ ಹೊರಗಡೆಯಿಂದ ಬೇರೆ ಜಾತಿ ತರಿಸಿ ಬಿಡ್ತೀವಿ. ಅದು ಬಂದ್ಮೇಲೆ ನಿಮ್ಮದಕ್ಕೆ ಅಲ್ಲಿ ಜಾಗ ಇರಲ್ಲ."

ಮೀನಕ್ಕ ನಕ್ಕಿದ್ದಳು. ಮೀನಿಗೆ ಈಜು ಕಲಿಸಬೇಕೇ ಎಂದುಕೊಂಡಿದ್ದಳು. ಆ ನಗುವನ್ನು ನೆನೆಸಿಕೊಂಡರೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು. ತೊಟ್ಟಿಯಲ್ಲಿ ಎಂದೂ ಯಾವ ಮೀನೂ ತಾನಾಗಿ ಮೊಟ್ಟೆ ಇಟ್ಟಿರಲಿಲ್ಲ, ಇಡುವ ಅಗತ್ಯವೇ ಬಂದಿರಲಿಲ್ಲ. ಹೆಣ್ಣನ್ನು ಎತ್ತಿ ಹೊಟ್ಟೆ ನೀವಿದರೆ ಕಿತ್ತಳೆ ಬಣ್ಣದ ಮೊಟ್ಟೆ ಬಟ್ಟಲಿಗೆ ಸುರಿಯುತ್ತದೆ. ಗಂಡನ್ನು ಎತ್ತಿ ನೀವಿದರೆ ಅದರ ಮೇಲೆ ಹಾಲಿನಂಥ ಬೀಜ. ಕೋಳಿಗರಿಯಲ್ಲಿ ಕದಡಿ, ತೊಳೆದು, ತಟ್ಟೆಯಲ್ಲಿ ಹರಡಿದರೆ ಮುಗಿಯಿತು. ಆ ಎರಡಕ್ಕೂ ಪರಸ್ಪರ ಪರಿಚಯವೇ ಬೇಕಿಲ್ಲ.

ಸಾಹೇಬರ ಮಾತಿನ ಮೇಲೆ ಅವಳು ಉದ್ದಕ್ಕೆ ಒಂದು ಜಲ್ಲಿ ಕಾಲುವೆ ಮಾಡಿಸಿ, ಅತಿ ಚಂದದ ಮೀನುಗಳನ್ನು ಆರಿಸಿ ಬಿಟ್ಟಳು. ಹೆಣ್ಣುಗಳಿಗೆ ಇನ್ನೂ ಅಷ್ಟಿಷ್ಟು ಬುದ್ಧಿ ಉಳಿದಿತ್ತು. ಒಂದೆರಡು ಪಕ್ಕಕ್ಕೆ ಮಲಗಿ ಬಾಲ ಬಡಿದು ಜಲ್ಲಿ ಕೆದಕಿದವು. ಗಂಡುಗಳು ಆ ಸದ್ದಿಗೆ ಬೆಚ್ಚಿ ಇನ್ನೊಂದು ತುದಿಗೆ ಓಡಿದವು. ಕಾಳು ಕೊಡುವುದನ್ನು ನಿಲ್ಲಿಸಿ ನೋಡಿದಳು. ಗೋಣಿಪರದೆ ಕಟ್ಟಿ ಮರೆ ಮಾಡಿ ನೋಡಿದಳು, ಪಾಪ, ನಾಚಿಕೆಯಿರಬಹುದು ಎಂದು. ನೀರನ್ನು ಜೋರು ಮಾಡಿ ನೋಡಿದಳು. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಇದರ ಮಧ್ಯೆ ಮಾವನ ಕಾಟ ಬೇರೆ.

ಮಾವನಿಗೆ ವಯಸ್ಸಾಗಿತ್ತು. ಕೆಲಸವೆಲ್ಲ ಸೊಸೆಗೆ ಬಿಟ್ಟು, ಬೆಳಿಗ್ಗೆ ಎದ್ದವರೇ ಒಂದು ಬೆತ್ತದ ಕುರ್ಚಿ ಎತ್ತಿಕೊಂಡು ಐಸ್ ಕೋಣೆಯ ಹಿಂದೆ ಹೋಗಿ ಕೂರುತ್ತಿದ್ದರು. ಅಲ್ಲಿರುವುದೇನು? ತೊಟ್ಟಿಗಳಿಗೆ ಬರುವ ಒರತೆಯ ನೀರಿನಲ್ಲಿ ಹೆಚ್ಚಾದದ್ದು ಹರಿದುಹೋಗುವ ಒಂದು ಹಳ್ಳ, ಅದರ ತುಂಬ ಆಳೆತ್ತರ ಜೊಂಡು. ಹಳ್ಳದ ತುದಿಗೆ ಮಣ್ಣಿನ ಏರಿ, ಏರಿಯೊಳಗೆ ಜಾಲರಿ ಬಿಗಿದ ಒಂದು ಕೊಳವೆ, ಅದರಾಚೆ ಹೊಳೆ. ಜಗತ್ತಿಗೆ ಬೆನ್ನು ಹಾಕಿ ಜೊಂಡು ನೋಡುತ್ತ ಕೂರುವ ಮುದುಕನಿಗೆ ಏನೆನ್ನಬೇಕು? ಅವರ ಅಂಗಿ ಒಗೆಯಲು ಹೋದರೆ ಜೇಬಿನಲ್ಲಿ ಜಲ್ಲಿಕಲ್ಲು. ಅದೂ ಅವಳು ಕಾಲುವೆಗೆಂದು ತರಿಸಿದ್ದ ಜಲ್ಲಿ. ರಾಶಿ ಕರಗುತ್ತಿದೆ ಎಂದು ಅವಳು ಲಾರಿಯವನ ಜೊತೆ ಜಗಳ ಆಡಿದ್ದಳು. ಮಾವನಿಗೆ ಅರಳುಮರಳು ಎಂದು ಸುಮ್ಮನಾದಳು.

ಸುಮ್ಮನಾಗದೆ ವಿಧಿಯಿರಲಿಲ್ಲ, ಏಕೆಂದರೆ ಮಾವ ಆಡಿದ ಮಾತು ಅರ್ಥವಾಗಬೇಕಾದರೆ ಬೇರೆಯದೇ ಒಂದು ನಿಘಂಟು ಬೇಕಿತ್ತು. 'ಹ' ಎನ್ನುವ ಅಕ್ಷರ ಅವರ ಬಾಯಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಲ್ಲು ಅಲ್ಲಾಗುತ್ತಿತ್ತು. 'ಳ' ಅಂತೂ ಯಾವಾಗಲೂ 'ಲ'. ಮದುವೆಯಾದ ಹೊಸದರಲ್ಲಿ ಒಂದು ದಿನ ಅವರು ಪೇಟೆಯಿಂದ ಬಂದು, "ನಿಂಗೊಂದು ಒಸ ಬಲೆ ತಂದಿದೀನಮ್ಮ" ಅಂದರು. ಮಾವನ 'ಲ' ಎಂದರೆ 'ಳ' ಎಂದು ಅಷ್ಟರಲ್ಲಿ ಕಲಿತಿದ್ದ ಸೊಸೆ, ಬಳೆ ಎಂದುಕೊಂಡು ಸಂತೋಷದಿಂದ ಎರಡೂ ಕೈ ಮುಂದೆ ಮಾಡಿದಳು. ಮಾವ ಆ ಕೈಗಳ ಮೇಲೆ ಮೀನು ಹಿಡಿಯುವ ಬಲೆ ಇಟ್ಟರು. ಗಂಡ ಅವತ್ತು ನಕ್ಕ ನಗುವನ್ನು ಅವಳು ಇನ್ನೂ ಮರೆತಿಲ್ಲ. ಅವತ್ತೇ ನಿಶ್ಚಯ ಮಾಡಿದಳು: ಮಾವನ ಮಾತು ಇದ್ದ ಹಾಗೇ ಒಂದು ಅರ್ಥ ಕೊಟ್ಟರೆ ಆ ಅರ್ಥವೇ ಸರಿ, ಕೊಡದಿದ್ದರೆ ಮಾತ್ರ ತಿದ್ದಿಕೊಳ್ಳುವುದು.

ಆ ಸೂತ್ರದಿಂದಲೇ ಸಂಸಾರ ನಡೆದಿತ್ತು. ಮೀನಿನ ಕೆಲಸ ಕಲಿಸಿದ ಮೊದಲ ದಿನ ಮಾವ ಹೇಳಿಕೊಟ್ಟ ಮಂತ್ರವೂ ಹಾಗೆಯೇ ಅರ್ಥವಾಯಿತು. "ತಿಲ್ಕೋ. ಒದ್ದಾಡಿದ್ದು ಒಲೆಗೆ, ಒರಗಿದ್ದು ಒಲಗೆ." ಒಲಗೆ ಎಂದರೆ ಏನೂ ಅಲ್ಲ, ಆದ್ದರಿಂದ ಒಳಗೆ. ಒಲೆಗೆ ಎಂದರೆ ಒಲೆಗೆ. ಕೈಯಲ್ಲಿ ಹಿಡಿದಾಗ ತೆಪ್ಪಗೆ ಒರಗಿದ ಮೀನು ತೊಟ್ಟಿಯೊಳಗೆ, ತಳಿಗೆ. ಬಾಲ ಬಡಿದು, ಮೈ ಕೊಡವಿ, ಮುಖಕ್ಕೆ ನೀರೆರಚಿದ್ದು ಅಡುಗೆಮನೆಗೆ. ಮೀನಕ್ಕ ಅಂದಿನಿಂದ ಈ ಮಂತ್ರ ತಪ್ಪಿದವಳಲ್ಲ. ಅವಳ ಮೀನುಗಳ ಸಾಧುತನ ಸುತ್ತಲಿನ ಸಾಕಣೆಗಾರರಲ್ಲೆಲ್ಲ ಹೆಸರುವಾಸಿ. ಕೈ ಇಳಿಬಿಟ್ಟರೆ ತಾವೇ ಬಂದು ಅಂಗೈಯಲ್ಲಿ ಮಲಗುತ್ತವೆ ಎಂದು ಅವಳು ಜಂಬ ಕೊಚ್ಚಿಕೊಂಡದ್ದೂ ಉಂಟು.

ಜಲ್ಲಿ ಕಾಲುವೆಯ ಗಂಡುಗಳು ಜಪ್ಪಯ್ಯ ಅಂದರೂ ಕದಲದೆ ನಿಂತಿದ್ದಾಗ ಒಂದು ಬೆಳಿಗ್ಗೆ ಮಾವ ಹತ್ತಿರ ಬಂದರು. ಕೋಲೂರಿ ನಿಂತು, ನೋಡಿ, ತಲೆ ಆಡಿಸಿ ಹೇಳಿದರು: "ಇಂದೆ ಓಗ್ ನೋಡಮ್ಮ."

"ಏನ್ ಮಾವ?"

"ಇಂದೆ ಓಗ್ ನೋಡು ಅಂದೆ. ಇಲ್ಲೇನ್ ನಿಂತಿದೀಯ?"

ಇಂದೇ ಹೋಗಿ ನೋಡು! ಮಾವ ವಯಸ್ಸಾದ ಕಾಲಕ್ಕೆ ಪುಸ್ತಕದ ಕನ್ನಡ ಶುರು ಮಾಡಿದರಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಯಾರನ್ನು ನೋಡುವುದು? ಇನ್ಯಾರನ್ನು, ಸಾಹೇಬರನ್ನು. ಹಿರಿಯರ ಮಾತು ಎಂದು ಅಂದೇ ಬಸ್ಸು ಹತ್ತಿ, ಸಾಹೇಬರ ಕಚೇರಿಯ ಬೆಂಚಿನ ಮೇಲೆ ಸಂಜೆಯವರೆಗೆ ಕಾದು, ಇನ್ನಷ್ಟು ಸಮಯ ಕೇಳಿದಳು. ಸಾಹೇಬರು ಸಮಯ ಕೊಡಲಿಲ್ಲ. ಬದಲಿಗೆ, "ಸರಿ, ಈ ವಾರವೇ ಬಂದು ನೋಡ್ತೀನಿ" ಅಂದರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ಮನೆಗೆ ಬಂದರೆ ಮಾವ, "ನೋಡಿದ್ಯಾ?" ಅಂದರು.

"ನೋಡಿದೆ. ಏನೂ ಪ್ರಯೋಜನ ಆಗ್ಲಿಲ್ಲ."

ಮಾವನ ಮುಖ ಸಣ್ಣದಾಯಿತು. "ಪ್ರಯೋಜನ ಇಲ್ವಾ? ಅಷ್ಟ್ ಚೆನ್ನಾಗಿದೆ!" ಎಂದು ಗೊಣಗಿಕೊಂಡು ಹೋದರು. ಸಾಹೇಬರ ಕಚೇರಿಯಲ್ಲಿ ಚೆನ್ನಾಗಿರುವುದೇನು ಎಂದು ಅವಳಿಗೆ ತಿಳಿಯಲಿಲ್ಲ. ತಲೆ ಕೆಟ್ಟಿತ್ತು. ಸಾಹೇಬರು ಬರುವ ದಿನ ತೋಟವಾದರೂ ನೋಡುವ ಹಾಗಿರಲಿ ಎಂದು ಹಿಂದಿನ ಹಳ್ಳದ ಜೊಂಡು ತೆಗೆಸಲು ಜೆಸಿಬಿಯವನಿಗೆ ಹೇಳಿಕಳಿಸಿದಳು. ಅದನ್ನು ಕೇಳಿದ್ದೇ ಮಾವ ಊಟ ಬಿಟ್ಟರು.

"ಅಲ್ಲಕ್ಕೆ ಕೈ ಆಕ್ಬೇಡ!"

"ಸೊಳ್ಳೆ ಮಾವ, ಸೊಳ್ಳೆ! ನಿಮ್ಮ ಜೊಂಡಿನಿಂದ ಮನೆ ತುಂಬ ಸೊಳ್ಳೆ! ನೀವು ಸ್ವಲ್ಪ ಸುಮ್ನಿರಿ. ನನಗೆ ಬೇಕಾದಷ್ಟು ತಲೆನೋವಿದೆ."

ಮಾವ ಬೆಳಗಾದದ್ದೇ ಕುರ್ಚಿ ಎತ್ತಿಕೊಂಡು ಹಿಂದೆ ಹೋದರು.

ಸಾಹೇಬರು ಬಂದರು. ಕಾಲುವೆಯ ಪಕ್ಕ ಮಡಚುವ ಸ್ಟೂಲ್ ಹಾಕಿಕೊಂಡು ಕೂತರು. ನೋಡಿದರು, ನೋಡಿದರು, ಚಹಾ ಕುಡಿದರು, ಮತ್ತೆ ನೋಡಿದರು. ಒಂದು ಹೆಣ್ಣು ಗುಂಡಿ ತೋಡಿ, ದಣಿದು, ಯಾರೂ ಬಾರದೆ ಅದರಲ್ಲೇ ಸುಮ್ಮನೆ ನಿಂತುಕೊಂಡಿತು. ಅದನ್ನು ನೋಡಿ ಮೀನಕ್ಕ ಕಾಲುವೆಯ ಅಂಚಿಗೆ ಬಗ್ಗಿದಳು.

"ಸ್ವಲ್ಪ ಅತ್ತ ತಳ್ತೀನಿ ಸಾಹೇಬ್ರೆ, ದಾರಿ ಗೊತ್ತಾಗ್ತಿಲ್ಲ ಅನ್ಸುತ್ತೆ," ಎಂದು ಅವಳು ಒಂದು ದಪ್ಪ ಗಂಡಿನ ಕಡೆ ಕೈ ಇಳಿಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ಕೈ ನೀರಿಗೆ ಇಳಿದದ್ದೇ ತಡ, ಕಾಲುವೆಯ ಗಂಡುಗಳೆಲ್ಲ ಜೀವ ಬಂದ ಹಾಗೆ ನುಗ್ಗಿ ಬಂದವು. ದಪ್ಪಗಿನದು ಅವಳ ಮುಂಗೈಗೆ ಮೈ ಒತ್ತಿ, ತಲೆಯಿಂದ ಬಾಲದವರೆಗೆ ನಡುಗಿತು. ಮದುವೆಗಂಡು ಹೆಣ್ಣಿನ ಪಕ್ಕ ನಿಂತು ನಡುಗಬೇಕಾದ ಆ ನಡುಕವನ್ನೆಲ್ಲ ಅವಳ ಕೈಗೆ ಅರ್ಪಿಸಿತು. ಇನ್ನೊಂದು ಹೊಟ್ಟೆ ಮೇಲೆ ಮಾಡಿ ಅಂಗೈಯಲ್ಲಿ ಮಲಗಿತು. ನೀರು ಹಾಲು ಹಾಲಾಯಿತು. ಹೆಣ್ಣು ದೂರದಿಂದ ನೋಡುತ್ತಿತ್ತು.

ಸಾಹೇಬರು ಸಭ್ಯರು. ಮುಖ ಅತ್ತ ತಿರುಗಿಸಿ ಕೆಮ್ಮಿದರು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ಇದು ನಿಮ್ಮೊಬ್ಬರ ತೋಟದ ಕತೆ ಅಲ್ಲ. ಕೈಯಿಂದಲೇ ಹಿಂಡಿ ಮರಿ ಮಾಡಿದ್ರೆ, ಹೆಣ್ಣನ್ನ ಒಲಿಸೋಕೆ ಬಾರದ ಗಂಡಿಗೂ ಮಕ್ಕಳಾಗ್ತವೆ. ಒಲಿಸೋ ಗಂಡು, ಜಗಳ ಆಡೋ ಗಂಡು ಯಾರಿಗೂ ಬೇಡ. ನಾಲ್ಕಾರು ತಲೆಮಾರು ಹೀಗೇ ಆದ್ರೆ ಆ ವಿದ್ಯೆನೇ ಹೋಗ್ಬಿಡುತ್ತೆ. ನೀವು ಕೈಗೆ ಒಗ್ಗಿದ್ದನ್ನ ಆರಿಸಿದ್ರಿ, ಅವು ಕೈಯನ್ನೇ ಕಟ್ಕೊಂಡವು." ಎದ್ದು ನಿಂತು ಸ್ಟೂಲ್ ಮಡಚಿದರು. "ನಾನು ಬೇರೆ ಜಾತಿ ತರಿಸೋಕೆ ಬರೀತೀನಿ. ಬೇರೆ ದಾರಿ ಇಲ್ಲ."

ಮೀನಕ್ಕ ಕೈ ಒರೆಸಿಕೊಳ್ಳಲೂ ಮರೆತು ನಿಂತಳು. ಇಷ್ಟು ವರ್ಷ ಅವಳು ಬೆಳೆಸಿದ್ದು ಮೀನಿನ ಆಕಾರದ ಕುಂಬಳಕಾಯಿ ಎಂದ ಹಾಗಾಯಿತು. ಆ ಹೊಳೆಯ ಮೀನು ಇನ್ನು ಆ ಹೊಳೆಗೆ ಇಲ್ಲ. ಉಳಿಸಿದವಳೂ ಅವಳೇ, ಕಳೆದವಳೂ ಅವಳೇ. ಅವಳಿಗೆ ಅಳಬೇಕು ಅನ್ನಿಸಿತು, ಆದರೆ ಅಳುವುದಕ್ಕೂ ಪುರುಸೊತ್ತಿಲ್ಲ. ಹಿಂದಿನಿಂದ ಜೆಸಿಬಿಯ ಹಾರ್ನ್, ಅದರ ಮೇಲೆ ಮಾವನ ಕೂಗು.

ಓಡಿದಳು. ಸಾಹೇಬರೂ ಹಿಂದೆಯೇ ಬಂದರು. ಹಳ್ಳಕ್ಕೆ ಅಡ್ಡ ಹಾಕಿದ್ದ ಹಲಗೆಯ ಮೇಲೆ ಮಾವ ಕುರ್ಚಿ ಹಾಕಿ ಕೂತಿದ್ದರು. ಜೆಸಿಬಿಯ ಬಕೆಟ್ಟು ಅವರ ತಲೆಯ ಮೇಲೆ ನಿಂತಿತ್ತು.

"ಅಕ್ಕಾ, ಇವರನ್ನ ಎತ್ಕೊಂಡು ಹೋಗ್ತೀರೋ, ಜೊಂಡಿನ ಜೊತೆ ನಾನೇ ಎತ್ಲೋ?" ಅಂದ ಜೆಸಿಬಿಯವನು.

ಮದುವೆಯಾಗಿ ಬಂದಂದಿನಿಂದ ಮೀನಕ್ಕ ಮಾವನ ಎದುರು ದನಿ ಎತ್ತಿದವಳಲ್ಲ. ಆ ದಿನ ಎತ್ತಿದಳು.

"ಸಾಕು ಮಾವ! ಅಲ್ಲಿ ಎಲ್ಲಾ ಮುಗಿದುಹೋಯ್ತು, ಮೀನೂ ಹೋಯ್ತು, ಹೊಳೆಯೂ ಹೋಯ್ತು, ನಿಮಗೆ ಈ ಜೊಂಡೇ ಹೆಚ್ಚಾಯ್ತಾ?"

"ಇಂದೆ ಓಗ್ ನೋಡು ಅಂತ ಬಡ್ಕೊಂಡೆ! ನೋಡಿದ್ಯಾ ನೀನು?"

"ಅವತ್ತೇ ಹೋದ್ನಲ್ಲ! ಸಾಹೇಬ್ರ ಆಫೀಸಲ್ಲಿ ದಿನವಿಡೀ ಕೂತಿದ್ದೆ!"

"ಸಾಯೇಬ್ರ ಅತ್ರ ಯಾಕ್ ಓದೆ?" ಮಾವ ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ಚುಚ್ಚಿ ಚುಚ್ಚಿ ತೋರಿಸಿದರು. "ಇಂದೆ! ಐಸ್ ಕೋಣೆ ಇಂದೆ! ಇಲ್ಲಿ!"

ಹಿಂದೆ. ಮೀನಕ್ಕನ ಬಾಯಿ ಕಾಲುವೆಯ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಮಾವ ಕೋಲಿನಿಂದ ಜೊಂಡು ಸರಿಸಿದರು.

ಕೆಳಗೆ ನೀರು ತಿಳಿಯಾಗಿ ಹರಿಯುತ್ತಿತ್ತು. ತಳದಲ್ಲಿ ತೊಳೆದ ಜಲ್ಲಿ, ಜೇಬು ಜೇಬಾಗಿ ಬಂದು ಬಿದ್ದದ್ದು. ಜಲ್ಲಿಯಲ್ಲಿ ಅಚ್ಚುಕಟ್ಟಾದ ಒಂದು ಗುಂಡಿ. ಅದರ ಮೇಲೆ ಒಂದು ಹೆಣ್ಣು ಚುಕ್ಕೆಮೀನು, ಅವಳ ತೊಟ್ಟಿಯದಕ್ಕಿಂತ ಸಣ್ಣದು, ಸಪೂರ, ಪಕ್ಕಕ್ಕೆ ಮಲಗಿ ಬಾಲ ಬಡಿಯುತ್ತಿತ್ತು. ಪಕ್ಕದಲ್ಲಿ ಕೆಂಪು ಗೆರೆ ಉರಿಯುವ ಒಂದು ಗಂಡು ಮೈಯೆಲ್ಲ ನಡುಗಿಸುತ್ತ ನಿಂತಿತ್ತು. ಇನ್ನೊಂದು ಗಂಡು ಜೊಂಡಿನಿಂದ ಇಣುಕಿತು. ಮೊದಲಿನದು ಬಾಣದ ಹಾಗೆ ಹೋಗಿ ಅದನ್ನು ಕಚ್ಚಿ ಓಡಿಸಿ, ಮತ್ತೆ ಬಂದು, ಏನೂ ಆಗದ ಹಾಗೆ ನಡುಗತೊಡಗಿತು.

ಸಾಹೇಬರು ಪ್ಯಾಂಟ್ ಒದ್ದೆಯಾಗುವುದನ್ನೂ ನೋಡದೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಜೆಸಿಬಿಯವನು ತಾನಾಗಿ ಎಂಜಿನ್ ನಿಲ್ಲಿಸಿದ.

"ಇವು ಎಲ್ಲಿಂದ ಬಂದವು ಮಾವ?"

"ಒದ್ದಾಡಿದ್ದು. ನೀನು ಅಡುಗೆಮನೇಗೆ ಕಲಿಸ್ತಿದ್ದೆಯಲ್ಲ, ಅದ್ರಲ್ಲಿ ನಿನ್ ಕಣ್ ತಪ್ಸಿ ಆಗಾಗ ಒಂದೊಂದು ತಂದು ಇಲ್ಲಿ ಬಿಟ್ಟೆ."

"ಕಣ್ಣು ಯಾಕೆ ತಪ್ಪಿಸ್ಬೇಕಿತ್ತು? ಒದ್ದಾಡಿದ್ದು ಒಲೆಗೆ ಅಂತ ಹೇಳ್ಕೊಟ್ಟವರು ನೀವೇ ಅಲ್ವಾ?"

"ನಾನೆಲ್ಲಮ್ಮ ಒಲೆಗೆ ಅಂದೆ?" ಮಾವನಿಗೆ ನಿಜವಾಗಿ ನೋವಾಗಿತ್ತು. "ನಾನಂದಿದ್ದು ಒಲೆಗೆ!"

ಸಾಹೇಬರು ತಲೆ ಎತ್ತಿ ಒಬ್ಬರ ನಂತರ ಒಬ್ಬರ ಮುಖ ನೋಡಿದರು. "ಎರಡೂ ಒಂದೇ ಅಲ್ವಾ?"

"ಒಂದೇ ಎಂಗಾಗುತ್ತೆ?" ಮಾವ ಕೋಲನ್ನು ಏರಿಯ ಆಚೆಗೆ, ಥಳಥಳ ಹೊಳೆಯುವ ನೀರಿನ ಕಡೆಗೆ ಚಾಚಿದರು. "ಒಲೆ ಬೇರೆ, ಒಲೆ ಬೇರೆ!"

ಹೊಳೆಗೆ. ಒದ್ದಾಡಿದ್ದು ಹೊಳೆಗೆ.

ಮೀನಕ್ಕ ಹಲಗೆಯ ತುದಿಯಲ್ಲಿ ಕುಸಿದು ಕೂತಳು. ಮುಖಕ್ಕೆ ನೀರೆರಚಿದ್ದನ್ನೆಲ್ಲ, ಬೆರಳು ಕಚ್ಚಿದ್ದನ್ನೆಲ್ಲ, ಬುಟ್ಟಿಯಿಂದ ನೆಗೆದದ್ದನ್ನೆಲ್ಲ ಇಷ್ಟು ಕಾಲ ಹುರಿದು, ಸಾರು ಮಾಡಿ, ಬಡಿಸಿ, ತಿಂದು ಮುಗಿಸಿದ್ದರು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಇಷ್ಟು ಚೊಕ್ಕವಾಗಿ ಯಾರೂ ನಡೆಸಿ ತೋರಿಸಿರಲಾರರು.

"ನಾನು ಒಲೆಗೆ ಹಾಕ್ತಿದ್ದಾಗ ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ ಮಾವ? ನೀವೂ ಕೂತ್ಕೊಂಡು ಉಣ್ತಿದ್ರಲ್ಲ!"

"ಆ ವರ್ಷವೇ ಬಣ್ಣದ್ ನೀರು ಬಂತಲ್ಲಮ್ಮ. ಇನ್ನು ಅಲ್ಲಿ ಬಿಟ್ಟು ಸಾಯ್ಸೋದ್ಯಾಕೆ ಅಂತ ನೀನೇ ಯೋಚ್ನೆ ಮಾಡಿದೀಯ ಅಂದ್ಕೊಂಡೆ. ಕೇಲಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಾದೆ." ಮಾವ ತುಟಿ ಒರೆಸಿಕೊಂಡರು. "ಸಾರೂ ಚೆನ್ನಾಗಿರ್ತಿತ್ತು. ನೀನಾದ್ರೂ ಒಂದ್ ಸಲ ಯಾಕೆ ಅಂತ ಕೇಲಲಿಲ್ಲ. ನೀನು ತುಂಬಾ ಸಾಧು."

ಆ ಮಾತು ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಈ ಮನೆಯಲ್ಲಿ ಅವಳನ್ನು ಮೆಚ್ಚಿದ್ದೂ ಆ ಮಾತಿನಿಂದಲೇ, ಅವಳು ಮೀನನ್ನು ಮೆಚ್ಚಿದ್ದೂ ಆ ಮಾತಿನಿಂದಲೇ.

ಸಾಹೇಬರು ಎದ್ದರು. ಗೆಲುವಾಗಿದ್ದರು. "ಅಮ್ಮಾ, ಇವನ್ನ ಹಿಡಿಸಿ. ನಿಮ್ಮ ಕೈಗೆ ಸುಲಭವಾಗಿ ಸಿಗೋ ಒಳ್ಳೇ ಜೋಡಿಗಳನ್ನ ಆರಿಸಿ, ಡ್ರಮ್ಮಿನಲ್ಲಿ ಸಾಗಿಸಿ..."

"ಇಲ್ಲ," ಅಂದಳು ಮೀನಕ್ಕ.

"ಅಂದ್ರೆ?"

"ಆರಿಸೋದು ಸಾಕು ಸಾಹೇಬ್ರೆ. ಕೈಗೆ ಸಿಕ್ಕಿದ್ದನ್ನ ಆರಿಸಿ ಆರಿಸಿಯೇ ಈ ಗತಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಜೆಸಿಬಿಯವನ ಕಡೆ ತಿರುಗಿದಳು. "ಜೊಂಡು ಮುಟ್ಟಬೇಡಪ್ಪ. ಆ ತುದಿಗೆ ಹೋಗು. ಏರಿ ಒಡೀ. ಜಾಲರಿ ಕಿತ್ತು ಬಿಸಾಕು."

ಸಾಹೇಬರು ಅವಳ ಮುಖ ನೋಡಿದರು, ಹಳ್ಳ ನೋಡಿದರು. ಆಮೇಲೆ ಹೇಳಿದರು, "ಈ ಹೊಳೆಯದೇ ಮೀನು. ಬೇಡ ಅನ್ನೋಕೆ ನಾನ್ಯಾರು. ಒಡೀರಿ."

ಏರಿ ಒಡೆಯಿತು. ಜಾಲರಿ ತುಕ್ಕು ಉದುರಿಸುತ್ತ ಮೇಲೆ ಬಂತು. ಹಳ್ಳದ ನೀರು ಕೆಂಪಗೆ ಕದಡಿ, ಸ್ವಲ್ಪ ಹೊತ್ತಿಗೆ ತಿಳಿಯಾಗಿ, ಹೊಳೆಗೆ ಸೇರಿಕೊಂಡಿತು. ಎಲ್ಲರೂ ಕಾದರು.

ಒಂದು ಮೀನೂ ಹೋಗಲಿಲ್ಲ. ಗಂಡು ಗುಂಡಿ ಬಿಟ್ಟು ಕದಲಲಿಲ್ಲ, ಹೆಣ್ಣು ಬಾಲ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಯ್ಯೋ ನಿಮ್ಮ! ಬಾಗಿಲು ತೆಗೆದಿದೀನಲ್ರೋ, ಹೋಗ್ರೋ!" ಮೀನಕ್ಕನ ತಾಳ್ಮೆ ಪೂರ್ತಿ ಹರಿಯಿತು. "ಅವಕ್ಕೆ ಹೇಳಿದ್ರೆ ತಿರುಗಲ್ಲ, ನಿಮಗೆ ಹೇಳಿದ್ರೆ ಹೊರಡಲ್ಲ. ನನ್ನ ಮಾತು ಕೇಳೋ ಮೀನು ಒಂದಾದ್ರೂ ಇದೆಯಾ ಈ ತೋಟದಲ್ಲಿ?"

ಅವಳು ಹಳ್ಳಕ್ಕೆ ಇಳಿದು, ಹೊಳೆಯ ಕಡೆ ಅಟ್ಟಲೆಂದು ಗಂಡಿನ ಹತ್ತಿರ ಕೈ ಇಳಿಬಿಟ್ಟಳು. ಅದು ಒರಗಲಿಲ್ಲ. ಗಿರ್ರನೆ ತಿರುಗಿ, ನುಗ್ಗಿ ಬಂದು, ತೋರುಬೆರಳನ್ನು ಕಚ್ಚಿ, ಬಾಲದಿಂದ ಒಮ್ಮೆ ರಾಚಿ ಮುಖಕ್ಕೆ ನೀರು ಹಾರಿಸಿ, ಮತ್ತೆ ತನ್ನ ಗುಂಡಿಯ ಮೇಲೆ ಹೋಗಿ ನಿಂತಿತು.

ಮೀನಕ್ಕ ಕೈ ಎತ್ತಿ ನೋಡಿಕೊಂಡಳು. ಬೆರಳ ತುದಿಯಲ್ಲಿ ರಕ್ತ ಜಿನುಗುತ್ತಿತ್ತು. ಮುಖದಿಂದ ಇಳಿಯುತ್ತಿದ್ದ ನೀರಿನಲ್ಲಿ ಹಳ್ಳದ್ದೆಷ್ಟು, ಕಣ್ಣಿನದೆಷ್ಟು ಅವಳಿಗೇ ಗೊತ್ತಾಗಲಿಲ್ಲ.

"ಏನಾಯ್ತಮ್ಮ?" ಮಾವ ಹಲಗೆಯ ಮೇಲಿಂದ ಬಗ್ಗಿದರು.

"ಕಚ್ಚಿತು ಮಾವ!"

"ಜೋರಾಗಾ?"

"ಹೂಂ," ಅಂದಳು ಮೀನಕ್ಕ, ಬೆರಳು ಬಾಯಲ್ಲಿಟ್ಟುಕೊಂಡು. "ತುಂಬಾ ಜೋರಾಗಿ."